ಆಕರೋಲ್ಲೇಖದ ಧರ್ಮ

ಬೃಹದಾರಣ್ಯಕೋಪನಿಷತ್ತಿನ ಎರಡನೆಯ ಅಧ್ಯಾಯವು ಮಧುವಿದ್ಯೆಯ ಗಂಭೀರೋಪದೇಶದೊಡನೆ ಸಮಾಪ್ತವಾಗುವುದೆಂದು ನಿರೀಕ್ಷಿಸುವ ವಾಚಕನಿಗೆ ಅದರ ಕಟ್ಟಕಡೆಯಲ್ಲಿ ದೊರೆಯುವುದು ತತ್ತ್ವವಾಕ್ಯವಲ್ಲ, ಹೆಸರುಗಳ ಒಂದು ನೀಳವಾದ ಪಟ್ಟಿ. ಪೌತಿಮಾಷ್ಯನು ಈ ವಿದ್ಯೆಯನ್ನು ಗೌಪವನನಿಂದ ಪಡೆದನು, ಗೌಪವನನು ತನ್ನ ಗುರುವಿನಿಂದ ಪಡೆದನು, ಹೀಗೆ ಒಬ್ಬರ ಹಿಂದೊಬ್ಬರಾಗಿ ಸರಿಯುತ್ತ ಪರಮೇಷ್ಠಿಯವರೆಗೆ ಹೋಗಿ ಸ್ವಯಂಭೂಬ್ರಹ್ಮದಲ್ಲಿ ನೆಲೆನಿಲ್ಲುವ ಈ ವಂಶಬ್ರಾಹ್ಮಣವು ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿಯೂ ಆರನೆಯದರ ಕೊನೆಯಲ್ಲಿಯೂ ಮರಳಿ ಬರುತ್ತದೆ. ಆರನೆಯದರಲ್ಲಂತೂ ಆಚಾರ್ಯರಲ್ಲಿ ಹೆಚ್ಚಿನವರನ್ನು ಅವರವರ ತಾಯಂದಿರ ಹೆಸರಿನಿಂದಲೇ ಗುರುತಿಸಿದೆ. ಪ್ರವಚನಕಾರರು ಸಾಮಾನ್ಯವಾಗಿ ಈ ಭಾಗವನ್ನು ವಿವರಿಸದೆ ಮುಂದೆ ಹೋಗುತ್ತಾರೆ. ಪಾರಾಯಣ ಮಾಡುವವರಾದರೋ ಒಂದು ಹೆಸರನ್ನೂ ಬಿಡದೆ ಸ್ವರಸಹಿತವಾಗಿ ಹೇಳುತ್ತಾರೆ. ಆತ್ಮವಸ್ತುವು ನಾಮರೂಪಗಳಿಗೆ ಅತೀತವಾದುದೆಂದು ಸಾರುವ ಗ್ರಂಥವೇ, ಆ ಮಾತು ಯಾರ ಯಾರ ಬಾಯಿಂದ ತನ್ನವರೆಗೆ ಬಂದಿತೆಂಬುದನ್ನು ಹೀಗೆ ನಾಮಶಃ ಕಾಪಿಟ್ಟುಕೊಂಡಿರುವುದು ವಿಚಾರಾರ್ಹವಾದ ಸಂಗತಿ.

ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನ ಪ್ರಬಂಧಗಳನ್ನು ರಚಿಸುವ ತರುಣರಲ್ಲಿ ಅನೇಕರು ಅಡಿಟಿಪ್ಪಣಿಗಳನ್ನೂ ಕೊನೆಯ ಗ್ರಂಥಋಣವನ್ನೂ ಕಾಣುವ ದೃಷ್ಟಿಯು ಈ ಶ್ರದ್ಧೆಗೆ ಬಹುದೂರವಾದುದು. ಅಧ್ಯಾಯಗಳೆಲ್ಲ ಮುಗಿದು, ಡಿ.ಟಿ.ಪಿ.ಯೂ ಮುಗಿದು, ಬೈಂಡಿಂಗಿಗೆ ಕೊಡುವ ಹಿಂದಿನ ರಾತ್ರಿ ಅವಸರದಿಂದ ಒಟ್ಟುಗೂಡಿಸತಕ್ಕ ಒಂದು ಅನುಬಂಧವೆಂದೂ, ಲೇಖಕನ ಹೆಸರು ಮೊದಲೋ ಗ್ರಂಥದ ಹೆಸರು ಮೊದಲೋ, ವರ್ಷವು ಕಂಸದೊಳಗೋ ಹೊರಗೋ, ಅಲ್ಪವಿರಾಮವೋ ಪೂರ್ಣವಿರಾಮವೋ ಎಂಬ ಗುಮಾಸ್ತಿಕೆಯ ವ್ಯವಹಾರವೆಂದೂ ಅವರು ಭಾವಿಸುತ್ತಾರೆ. ಮಾರ್ಗದರ್ಶಕರಲ್ಲಿಯೂ ಹಾಗೆ ಭಾವಿಸುವವರು ವಿರಳರಲ್ಲ. ನನಗಾದರೋ ಈ ಪುಟಗಳೇ ಪ್ರಬಂಧದ ನೈತಿಕವಾದ ಹೃದಯಸ್ಥಾನವೆಂದು ತೋರುತ್ತದೆ. ಹಾಗೆ ತೋರುವುದಕ್ಕೆ ಕಾರಣವಾದ ಪ್ರಶ್ನೆಯು ತತ್ತ್ವಶಾಸ್ತ್ರಕ್ಕೆ ಸೇರಿದ್ದು. ನಾನು ಸ್ವತಃ ಕಾಣದಿರುವ, ಸ್ವತಃ ಊಹಿಸದಿರುವ ವಿಷಯವನ್ನು ಇನ್ನೊಬ್ಬನ ಮಾತಿನಿಂದ ತಿಳಿದಾಗ ಅದು ಜ್ಞಾನವೇ? ಜ್ಞಾನವಾದರೆ ಅದನ್ನು ಮೂರನೆಯವನಿಗೆ ತಲುಪಿಸುವ ನನ್ನ ಮೇಲೆ ಬೀಳುವ ಹೊಣೆ ಯಾವುದು?

ನಮ್ಮ ದರ್ಶನಕಾರರು ಈ ಪ್ರಶ್ನೆಯನ್ನು ಶಬ್ದಪ್ರಮಾಣವೆಂಬ ಹೆಸರಿನಿಂದ ಶತಮಾನಗಳ ಕಾಲ ಚರ್ಚಿಸಿದರು. ಚಾರ್ವಾಕರು ಶಬ್ದವನ್ನು ಪ್ರಮಾಣವೆಂದು ಒಪ್ಪಲೇ ಇಲ್ಲ. ವೈಶೇಷಿಕರು ಅದನ್ನು ಅನುಮಾನದಲ್ಲಿ ಅಡಗಿಸಿದರು. ನೈಯಾಯಿಕರು ಅದು ಸ್ವತಂತ್ರವಾದ ಪ್ರಮಾಣವೆಂದು ಎತ್ತಿಹಿಡಿದು, ಆಪ್ತನಾದವನ ಉಪದೇಶವೇ ಶಬ್ದವೆಂದು ಲಕ್ಷಣ ಹೇಳಿದರು. ಆಪ್ತನು ಯಾರೆಂಬುದನ್ನು ವಾತ್ಸ್ಯಾಯನನು ತನ್ನ ಭಾಷ್ಯದಲ್ಲಿ ವಿವರಿಸುವ ಕ್ರಮವು ನನಗೆ ಅತ್ಯಂತ ಪ್ರಿಯವಾದುದು. ವಸ್ತುವನ್ನು ಸಾಕ್ಷಾತ್ತಾಗಿ ಅರಿತಿದ್ದು, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನೇ ಆಪ್ತ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾದುದು ಎಂಬುದು ಅವನ ನಿರ್ಣಯ. ಕುಲವನ್ನೂ ಪದವಿಯನ್ನೂ ಬದಿಗಿಟ್ಟು ಎರಡೇ ಗುಣಗಳನ್ನು ಅವನು ಕೇಳುತ್ತಾನೆ: ಕಂಡಿರಬೇಕು, ಕಂಡಂತೆ ಹೇಳುವ ಮನಸ್ಸಿರಬೇಕು. ಪ್ರಬಂಧದ ಕೊನೆಯ ಪಟ್ಟಿಯಲ್ಲಿ ಮಹಾಮಹೋಪಾಧ್ಯಾಯನ ಪಕ್ಕದಲ್ಲಿ ಹೆಸರಿಲ್ಲದ ತಾಲ್ಲೂಕು ವರದಿಗಾರನೂ ಅಕಾರಾದಿಯಾಗಿ ಒಂದೇ ಸಾಲಿನಲ್ಲಿ ನಿಲ್ಲುವುದು ಈ ನಿರ್ಣಯಕ್ಕೆ ಅನುಗುಣವಾಗಿಯೇ ಇದೆ.

ಆದರೆ ಅಧ್ಯಾತ್ಮದ ಕಡೆಯಿಂದ ಒಂದು ಬಲವಾದ ಆಕ್ಷೇಪವನ್ನು ಎತ್ತಬಹುದು. ಸತ್ಯಕ್ಕೆ ಒಡೆಯರುಂಟೆ? ಶಿವಶರಣರು ತಮ್ಮ ವಚನಗಳಿಗೆ ತಮ್ಮ ಹೆಸರನ್ನಿಡದೆ ಇಷ್ಟದೈವದ ಅಂಕಿತವನ್ನಿಟ್ಟರು. ಜನಪದ ಗೀತೆಗಳನ್ನು ಕಟ್ಟಿದ ತಾಯಂದಿರ ಹೆಸರು ಯಾರಿಗೂ ತಿಳಿಯದು. ವೇದವನ್ನು ಅಪೌರುಷೇಯವೆನ್ನುವ ಮೀಮಾಂಸಕರಂತೂ ಕರ್ತೃವೇ ಇಲ್ಲದಿರುವುದರಿಂದ ಕರ್ತೃದೋಷವೂ ಇಲ್ಲವೆಂದು ವಾದಿಸಿದರು. ಹೀಗಿರುವಾಗ ಈ ಮಾತು ಇಂಥವನದು, ಇಂಥ ವರ್ಷದ್ದು, ಇಂಥ ಪುಟದ್ದು ಎಂದು ಗುರುತು ಹಾಕುವ ಕಾತರವು ಅಹಂಕಾರದ ಪೋಷಣೆಯಲ್ಲವೆ? ಈ ಆಕ್ಷೇಪಕ್ಕೆ ಉತ್ತರವು ಮೀಮಾಂಸಾಶಾಸ್ತ್ರದಲ್ಲಿಯೇ ದೊರೆಯುತ್ತದೆ. ಕಠನ ಹೆಸರನ್ನು ಹೊತ್ತ ಕಾಠಕವನ್ನೂ ಕಲಾಪಿಯ ಹೆಸರನ್ನು ಹೊತ್ತ ಕಾಲಾಪಕವನ್ನೂ ಎದುರಿಗಿಟ್ಟು, ಇವು ಮನುಷ್ಯಕೃತವೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿಯಲ್ಲವೆ ಎಂದು ಪೂರ್ವಪಕ್ಷಿಯು ಕೇಳಿದಾಗ, ಹೆಸರು ಬಂದದ್ದು ರಚಿಸಿದ್ದರಿಂದಲ್ಲ, ಪ್ರವಚನ ಮಾಡಿದ್ದರಿಂದ ಎಂದು ಜೈಮಿನಿಯು ಸಮಾಧಾನ ಹೇಳುತ್ತಾನೆ. ಹೆಸರು ಒಡೆತನದ ಚಿಹ್ನೆಯಲ್ಲ, ಮಾತು ಹಾದುಬಂದ ಮಾರ್ಗದ ಚಿಹ್ನೆ. ಮಂತ್ರವನ್ನು ಜಪಿಸುವ ಮೊದಲು ಅದರ ಋಷಿ, ಛಂದಸ್ಸು, ದೇವತೆಗಳನ್ನು ಸ್ಮರಿಸಬೇಕೆಂಬ ವಿಧಿಯೂ ಇದನ್ನೇ ಸೂಚಿಸುತ್ತದೆ. ಋಷಿಯು ಮಂತ್ರದ ದ್ರಷ್ಟಾರನೇ ಹೊರತು ಸ್ವಾಮಿಯಲ್ಲ. ವಚನಕಾರರ ವಿಷಯದಲ್ಲಿಯೂ ವಿವೇಕವು ಇಷ್ಟೇ: ತನ್ನ ಹೆಸರನ್ನು ತಾನೇ ಮರೆಯಿಸಿಕೊಳ್ಳುವುದು ವಿನಯ, ಇನ್ನೊಬ್ಬನ ಹೆಸರನ್ನು ನಾನು ಮರೆಯಿಸುವುದು ಅಪಹಾರ. ಅಹಂಕಾರವು ಪೋಷಣೆಗೊಳ್ಳುವುದು ಎರಡನೆಯದರಲ್ಲಿ.

ಮೂಲವಿಲ್ಲದ ಮಾತನ್ನು ಎದುರಿಸುವ ಬಗೆಯನ್ನು ಪೂರ್ವಮೀಮಾಂಸೆಯ ಮೊದಲನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ನೋಡಬೇಕು. ಸ್ಮೃತಿಗಳು ಹೇಳುವ ಅನೇಕ ಆಚಾರಗಳಿಗೆ ಇಂದು ದೊರೆಯುವ ಶ್ರುತಿಯಲ್ಲಿ ಆಧಾರವಿಲ್ಲ. ಆದರೂ ವೇದವನ್ನರಿತ ಶಿಷ್ಟರು ಹೇಳಿರುವುದರಿಂದ ಅವುಗಳಿಗೆ ನಮಗೆ ಕಾಣದ ಒಂದು ಶ್ರುತಿಮೂಲವು ಇದ್ದಿರಬೇಕೆಂದು ಅನುಮಾನಿಸಬಹುದು ಎಂಬುದು ಜೈಮಿನಿಯ ಉದಾರವಾದ ಪ್ರತಿಜ್ಞೆ. ಆದರೆ ಆ ಔದಾರ್ಯಕ್ಕೆ ಎರಡು ಮೇರೆಗಳನ್ನೂ ಅವನೇ ಹಾಕುತ್ತಾನೆ: ಪ್ರತ್ಯಕ್ಷಶ್ರುತಿಗೆ ವಿರುದ್ಧವಾದರೆ ಅಂತಹ ಸ್ಮೃತಿಯನ್ನು ಗಣಿಸಬೇಕಾಗಿಲ್ಲ, ಲೌಕಿಕವಾದ ಹೇತುವೊಂದು ಕಣ್ಣಿಗೆ ಕಂಡರೂ ಗಣಿಸಬೇಕಾಗಿಲ್ಲ. ಇಲ್ಲಿ ಶಬರಸ್ವಾಮಿಯು ತರುವ ಉದಾಹರಣೆಯನ್ನು ಕೊಂಚ ಹತ್ತಿರದಿಂದ ನೋಡೋಣ. ಸೋಮಯಾಗದ ಸದೋಮಂಟಪದಲ್ಲಿ ಅತ್ತಿಯ ಮರದ ಒಂದು ಕಂಬವನ್ನು ನೆಡುತ್ತಾರೆ. ಉದ್ಗಾತೃವು ಅದನ್ನು ಮುಟ್ಟಿಕೊಂಡು ಸಾಮವನ್ನು ಹಾಡಬೇಕೆಂದು ಶ್ರುತಿ. ಆ ಕಂಬವನ್ನು ಪೂರ್ತಿಯಾಗಿ ಬಟ್ಟೆಯಿಂದ ಸುತ್ತಬೇಕೆಂದು ಸ್ಮೃತಿ. ಪೂರ್ತಿಯಾಗಿ ಸುತ್ತಿದರೆ ಮುಟ್ಟುವುದೆಂತು? ಶಬರನು ಹಿಂಜರಿಯದೆ ಹೇಳುತ್ತಾನೆ: ಆ ಬಟ್ಟೆಯು ತಮಗೆ ದಕ್ಕಲೆಂಬ ಲೋಭದಿಂದ ಯಾರೋ ಕೆಲವರು ಕಂಬವನ್ನೆಲ್ಲ ಸುತ್ತಿದರು, ಅದೇ ಮುಂದೆ ಸ್ಮೃತಿಯಾಯಿತು. ಯಜ್ಞಶಾಲೆಯೊಳಗೆ ನಿಂತು, ಪರಮಾಸ್ತಿಕನಾದ ಭಾಷ್ಯಕಾರನೊಬ್ಬನು, ಈ ವಿಧಿಯ ಹಿಂದೆ ವೇದವಿಲ್ಲ, ಬಟ್ಟೆಯ ಆಸೆಯಿದೆ ಎಂದು ಬರೆಯಲು ಬೇಕಾದ ಎದೆಗಾರಿಕೆಯನ್ನು ನೆನೆದರೆ ಅವನಲ್ಲಿ ಗೌರವವು ಉಕ್ಕುತ್ತದೆ. ಮುಂದೆ ಕುಮಾರಿಲಭಟ್ಟನು ಈ ಉದಾಹರಣೆಯನ್ನು ಒಪ್ಪಲಿಲ್ಲ. ಬಟ್ಟೆ ಸುತ್ತಿದ ಮಾತ್ರಕ್ಕೆ ಮುಟ್ಟುವುದು ಅಸಾಧ್ಯವಾಗದೆಂದೂ ಆ ಆಚಾರಕ್ಕೆ ಶ್ರುತಿಮೂಲವೇ ಉಂಟೆಂದೂ ಅವನು ವಾದಿಸಿದನು. ಇಬ್ಬರಲ್ಲಿ ಯಾರು ಸರಿಯೆಂಬುದು ಇಲ್ಲಿ ಮುಖ್ಯವಲ್ಲ. ಶಬರನು ತನ್ನ ಮಾತಿಗೆ ಆಧಾರವಾದ ಶ್ರುತಿಯನ್ನೂ ತಾನು ಸಂಶಯಿಸುವ ಸ್ಮೃತಿಯನ್ನೂ ಹೆಸರಿಟ್ಟು ತೋರಿಸಿದ್ದರಿಂದಲೇ, ಶತಮಾನಗಳ ಅನಂತರ ಬಂದ ಕುಮಾರಿಲನಿಗೆ ಅವನನ್ನು ಖಂಡಿಸುವುದು ಸಾಧ್ಯವಾಯಿತು. ಮೂಲವನ್ನು ತೋರಿಸಿ ಬರೆಯುವವನು ತನ್ನನ್ನು ಸೋಲಿಸುವ ಸಾಧನವನ್ನೂ ವಾಚಕನ ಕೈಗೆ ತಾನಾಗಿಯೇ ಕೊಡುತ್ತಾನೆ. ಆಕರೋಲ್ಲೇಖದಲ್ಲಿ ನನಗೆ ಪೂಜ್ಯವಾಗಿ ಕಾಣುವ ಅಂಶವು ಇದು.

ಬೌದ್ಧರ ಸುತ್ತಗಳಾದರೂ ಕೇಳಿದವನ ಸಾಕ್ಷ್ಯದಿಂದಲೇ ಆರಂಭವಾಗುತ್ತವೆ. ಭಗವಂತನು ಆಗ ಶ್ರಾವಸ್ತಿಯಲ್ಲಿದ್ದನೋ ರಾಜಗೃಹದಲ್ಲಿದ್ದನೋ, ಜೇತವನದಲ್ಲಿದ್ದನೋ ವೇಣುವನದಲ್ಲಿದ್ದನೋ ಎಂಬುದನ್ನು ಮೊದಲು ಹೇಳಿ ಅನಂತರ ಉಪದೇಶಕ್ಕೆ ಹೋಗುತ್ತವೆ. ಆದರೆ ಮೂಲಸರ್ವಾಸ್ತಿವಾದಿಗಳ ವಿನಯಗ್ರಂಥದಲ್ಲಿ, ಕ್ಷುದ್ರಕವಸ್ತುವೆಂಬ ಭಾಗದಲ್ಲಿ, ಒಂದು ವಿಚಿತ್ರವಾದ ಅನುಜ್ಞೆ ಬರುತ್ತದೆ. ಮುಂದಿನ ಕಾಲದ ಭಿಕ್ಷುಗಳು ಉಪದೇಶವು ನಡೆದ ಸ್ಥಳವನ್ನು ಮರೆತರೆ ಏನು ಮಾಡತಕ್ಕದ್ದೆಂದು ಉಪಾಲಿಯು ಕೇಳಲು, ಆರು ಮಹಾನಗರಗಳಲ್ಲಿ ಒಂದನ್ನೋ ತಥಾಗತನು ಬಹುಸಲ ತಂಗಿದ್ದ ಎಡೆಯನ್ನೋ ಹೇಳತಕ್ಕದ್ದು, ರಾಜನ ಹೆಸರು ಮರೆತರೆ ಪ್ರಸೇನಜಿತ್ತೆನ್ನತಕ್ಕದ್ದು, ಗೃಹಸ್ಥನ ಹೆಸರು ಮರೆತರೆ ಅನಾಥಪಿಂಡದನೆನ್ನತಕ್ಕದ್ದು ಎಂದು ಉತ್ತರ. ಧರ್ಮವು ಮುಖ್ಯ, ಸ್ಥಳವು ಗೌಣ ಎಂಬ ಭಾವನೆಯಿಂದಲೇ ಈ ಅನುಜ್ಞೆ ಹೊರಟಿರಬೇಕು. ಅದರ ಹಿಂದಿನ ಕಾರುಣ್ಯವು ನನಗೆ ಅರ್ಥವಾಗದೆ ಇಲ್ಲ. ಆದರೂ ನನ್ನ ಅಂತಃಕರಣವು ಇದನ್ನು ಒಪ್ಪಲಾರದು. ಪ್ರಕಾಶನದ ಸ್ಥಳವಾಗಲಿ ವರ್ಷವಾಗಲಿ ಮುದ್ರಿತವಾಗಿರದ ಹಳೆಯ ಪುಸ್ತಕವನ್ನು ಉಲ್ಲೇಖಿಸುವಾಗ ಇಂದಿನ ಪದ್ಧತಿಯು ಆ ಎಡೆಯಲ್ಲಿ ವರ್ಷ ನಮೂದಾಗಿಲ್ಲ, ಸ್ಥಳ ನಮೂದಾಗಿಲ್ಲ ಎಂದು ಬರೆಯಿಸುತ್ತದಷ್ಟೆ. ಆ ಎರಡು ಪದಗಳಲ್ಲಿರುವ ಸತ್ಯನಿಷ್ಠೆಯು ಊಹಿಸಿ ತುಂಬಿದ ಯಾವ ಮಹಾನಗರದ ಹೆಸರಿಗಿಂತಲೂ ಮಿಗಿಲಾದುದು. ಇಸ್ಲಾಮಿನ ಹದೀಸ್ ವಿದ್ವಾಂಸರು ಈ ವಿಷಯದಲ್ಲಿ ಇನ್ನೂ ಕಠೋರರು: ಪ್ರವಾದಿಯ ಪ್ರತಿಯೊಂದು ಮಾತಿನ ಮುಂದೆಯೂ ಅದನ್ನು ಯಾರಿಂದ ಯಾರು ಕೇಳಿದರೆಂಬ ಇಸ್ನಾದ್ ಎಂಬ ಸರಣಿಯನ್ನು ನಿಲ್ಲಿಸಿ, ಸರಣಿಯಲ್ಲಿರುವ ಒಬ್ಬೊಬ್ಬನ ಜೀವನವನ್ನೂ ನೆನಪಿನ ಶಕ್ತಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ, ನಡುವೆ ಒಂದು ಕೊಂಡಿ ಕಾಣದಿದ್ದರೂ ಆ ಹದೀಸನ್ನು ದುರ್ಬಲವೆಂದು ವರ್ಗೀಕರಿಸಿದರು. ಇಲ್ಲದ ಕೊಂಡಿಯನ್ನು ಇಲ್ಲವೆಂದೇ ಬರೆದಿಡುವುದು ಆ ಶಾಸ್ತ್ರದ ಹಿರಿಮೆ.

ಇಂದಿನ ಉಲ್ಲೇಖಪದ್ಧತಿಗಳ ಚರಿತ್ರೆಯಾದರೋ ಅಷ್ಟು ಪುರಾತನವಲ್ಲ. ಲೇಖಕನ ಹೆಸರನ್ನೂ ವರ್ಷವನ್ನೂ ಕಂಸದೊಳಗೆ ಕೊಡುವ, ಹಾರ್ವರ್ಡ್ ಪದ್ಧತಿಯೆಂದು ಪ್ರಸಿದ್ಧವಾದ ಕ್ರಮವನ್ನು ಆ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞನಾದ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬುವನು 1881ರಲ್ಲಿ ಚಿಪ್ಪಿಲ್ಲದ ಬಸವನಹುಳುವಿನ ಅಂಡವನ್ನು ಕುರಿತ ತನ್ನ ಲೇಖನದಲ್ಲಿ ಬಳಸಿದನು. ಷಿಕಾಗೋ ವಿಶ್ವವಿದ್ಯಾನಿಲಯದ ಕೈಪಿಡಿಯು 1906ರಲ್ಲಿಯೂ, ಅಮೆರಿಕದ ಮನೋವಿಜ್ಞಾನಿಗಳ ಏಳು ಪುಟಗಳ ನಿಯಮಾವಳಿಯು 1929ರಲ್ಲಿಯೂ, ಆಧುನಿಕ ಭಾಷಾಧ್ಯಾಪಕರ ಸಂಘದ ನಿಯಮಪತ್ರವು 1951ರಲ್ಲಿಯೂ ಹೊರಬಂದವು. ಇವುಗಳ ನಡುವಣ ಭೇದಗಳು ಬಹುಮಟ್ಟಿಗೆ ಆಚಾರಭೇದಗಳು; ಒಂದನ್ನು ಹಿಡಿದವನು ಕಡೆಯವರೆಗೆ ಅದನ್ನೇ ಹಿಡಿದಿರಬೇಕೆಂಬುದನ್ನು ಬಿಟ್ಟರೆ ಅವುಗಳಲ್ಲಿ ವಿವಾದಕ್ಕೆ ಎಡೆಯಿಲ್ಲ.

ಆದರೆ ಒಂದು ತೊಡಕನ್ನು ಮಾತ್ರ ಹೇಳದೆ ಬಿಡಲಾರೆ. ಈ ಪದ್ಧತಿಗಳೆಲ್ಲ ಕುಲನಾಮವನ್ನು ಮೊದಲು ಬರೆಯಬೇಕೆಂದು ವಿಧಿಸುತ್ತವೆ. ಬೇಂದ್ರೆ, ಕಾರಂತ, ಜೋಶಿ ಎಂಬ ಹೆಸರುಗಳಿಗೆ ಅದರಿಂದ ತೊಂದರೆಯಿಲ್ಲ, ಡಿ.ವಿ. ಗುಂಡಪ್ಪನವರ ಹೆಸರಿನಲ್ಲಿ ಕುಲನಾಮವೆಲ್ಲಿದೆ? ಮೊದಲಕ್ಷರವು ದೇವನಹಳ್ಳಿ, ಎರಡನೆಯದು ತಂದೆ ವೆಂಕಟರಮಣಯ್ಯನವರ ಹೆಸರು, ಉಳಿದದ್ದು ಅವರ ಸ್ವಂತ ಹೆಸರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನು ಈ ವಿಧಿಯಂತೆ ಅಯ್ಯಂಗಾರ್ ಎಂಬಲ್ಲಿ ಹುಡುಕಬೇಕಾಗುತ್ತದೆ. ಕನ್ನಡಿಗನು ಮಾಸ್ತಿಯೆಂಬಲ್ಲಿಯೇ ಹುಡುಕುತ್ತಾನೆ. ಪಂಪನಿಗೂ ಲಕ್ಷ್ಮೀಶನಿಗೂ ಒಂದೊಂದೇ ಹೆಸರು. ಓದುಗನು ಯಾವ ಅಕ್ಷರದಲ್ಲಿ ಹುಡುಕುವನೋ ಆ ಅಕ್ಷರದಲ್ಲಿ ಅವನಿಗೆ ಸಿಕ್ಕಬೇಕೆಂಬುದೇ ನಿಯಮದ ಪ್ರಾಣವಾಗಿರುವುದರಿಂದ, ಕನ್ನಡ ಪ್ರಬಂಧಗಳು ಈ ಅಂಶದಲ್ಲಿ ಪರದೇಶದ ಕೈಪಿಡಿಯನ್ನು ಅನುಸರಿಸದೆ, ಅಗತ್ಯವಿರುವೆಡೆ ಇಂಥ ಹೆಸರನ್ನು ನೋಡಿ ಎಂಬ ಸೂಚನೆಯನ್ನು ಕೊಟ್ಟು, ನಮ್ಮ ರೂಢಿಯನ್ನೇ ಅನುಸರಿಸುವುದು ಯುಕ್ತವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಪುಟದ ಅಂಕಕ್ಕಿಂತ ಕೃತಿಯ ಒಡಲಿನ ಅಂಕವು ಮೇಲೆಂಬುದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಋಗ್ವೇದದ ಹತ್ತನೆಯ ಮಂಡಲದ 129ನೆಯ ಸೂಕ್ತವೆಂದರೆ ಯಾವ ದೇಶದ ಯಾವ ಮುದ್ರಣದಲ್ಲಿಯೂ ಅದು ನಾಸದೀಯವೇ; ಕುಮಾರವ್ಯಾಸನನ್ನು ಪರ್ವ, ಸಂಧಿ, ಪದ್ಯಗಳಿಂದಲೂ ಪಂಪನನ್ನು ಆಶ್ವಾಸ, ಪದ್ಯಗಳಿಂದಲೂ ಸೂಚಿಸಿದರೆ ಯಾವ ಆವೃತ್ತಿಯನ್ನು ಇಟ್ಟುಕೊಂಡವನಿಗೂ ದಾರಿ ತಪ್ಪದು. ಯೂರೋಪಿನಲ್ಲಿ ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕನು 1551ರಲ್ಲಿ ಬೈಬಲಿನ ಹೊಸ ಒಡಂಬಡಿಕೆಯನ್ನು ಅಂಕಿತ ವಾಕ್ಯಗಳಾಗಿ ವಿಭಾಗಿಸಿದನು. ಅವನ ಮಗ ಹೆನ್ರಿಯು 1578ರಲ್ಲಿ ಅಚ್ಚು ಹಾಕಿದ ಪ್ಲೇಟೋವಿನ ಪುಟಾಂಕಗಳನ್ನು ಇಂದಿಗೂ ಎಲ್ಲ ಭಾಷೆಗಳ ಅನುವಾದಗಳ ಅಂಚಿನಲ್ಲಿಯೂ ಮುದ್ರಿಸುತ್ತಾರೆ. ಕರ್ನಾಟಕ ಸರ್ಕಾರದಿಂದ 1993ರಲ್ಲಿ 15 ಸಂಪುಟಗಳಲ್ಲಿ ಪ್ರಕಟವಾದ ಸಮಗ್ರ ವಚನ ಸಂಪುಟದಿಂದ ಉದ್ಧರಿಸುವವನು ಪುಟವನ್ನು ಕೊಟ್ಟು ವಚನದ ಸಂಖ್ಯೆಯನ್ನು ಬಿಟ್ಟರೆ, ಬೇರೆ ಮುದ್ರಣವನ್ನು ಹಿಡಿದ ಓದುಗನನ್ನು ನಡುದಾರಿಯಲ್ಲಿ ಕೈಬಿಟ್ಟಂತೆ.

ಶಾಸನಗಳ ವಿಷಯದಲ್ಲಿ ಈ ಶ್ರಮವು ಎಷ್ಟರಮಟ್ಟಿನದೆಂಬುದನ್ನು ಅನುಭವಿಗಳು ಬಲ್ಲರು. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದೇ ಸಂಪುಟವನ್ನು ಪರಿಷ್ಕರಿಸಿದಾಗ 500. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು 1973ರಲ್ಲಿ ಮತ್ತೆ ಹೊರತಂದಾಗ ಅಂಕಗಳು ಮತ್ತೆ ಬದಲಾದವು. ಹೀಗೆ ಒಂದೇ ಬಂಡೆಯ ಒಂದೇ ಬರಹಕ್ಕೆ ಮೂರು ಅಂಕಗಳು. ಯಾವ ಆವೃತ್ತಿಯೆಂದು ಹೇಳದೆ ಬರಿಯ ಅಂಕವನ್ನು ಬರೆದ ಟಿಪ್ಪಣಿಯು ಓದುಗನನ್ನು ಬೇರೊಬ್ಬ ಮುನಿಯ ನಿಸಿದಿಯ ಎದುರಿಗೆ ತಂದು ನಿಲ್ಲಿಸಬಹುದು. ಎ.ಕ. 7, ಶಿಕಾರಿಪುರ 176 ಎಂಬ ಒಂದು ಸಾಲನ್ನು ನೋಡಿ: ಎ.ಕ. ಎಂದರೆ ಎಪಿಗ್ರಾಫಿಯಾ ಕರ್ನಾಟಿಕ, 7 ಎಂದರೆ 1902ರ ಶಿವಮೊಗ್ಗ ಜಿಲ್ಲೆಯ ಸಂಪುಟ, ಶಿಕಾರಿಪುರ ಎಂದರೆ ತಾಲ್ಲೂಕು, 176 ಎಂದರೆ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬ. ಆ ಕಂಬದ ಮೇಲೆ ಕುಬ್ಜನೆಂಬ ಕವಿಯು, ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ ಹೋದ ವೃತ್ತಾಂತವನ್ನು ಸಂಸ್ಕೃತಪದ್ಯಗಳಲ್ಲಿ ರಚಿಸಿ, ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಹೇಳಿಕೊಂಡಿದ್ದಾನೆ. ಕದಂಬರ ಮೇಲೆ ಬರೆದ ಸಾವಿರಾರು ಪುಟಗಳು ಈ ಒಂದು ಸಾಲಿನ ಮೂಲಕ ಆ ಕಲ್ಲನ್ನು ಮುಟ್ಟುತ್ತವೆ. ಸಾಲಿನಲ್ಲಿ ಒಂದು ಅಂಕಿಯು ಪಲ್ಲಟವಾದರೆ ಮುಟ್ಟುವುದಿಲ್ಲ.

ಪೂರ್ವಿಕರ ಹೆಸರನ್ನು ಹೇಳುವುದರಿಂದ ಹೇಳಿದವನು ಊಹಿಸಿರದ ಉಪಕಾರಗಳೂ ಒದಗುತ್ತವೆ. ಐಹೊಳೆಯ ಮೇಗುಟಿ ಜಿನಾಲಯದ 634ರ ಶಾಸನದಲ್ಲಿ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡನು. ಆತ್ಮಪ್ರಶಂಸೆಗಾಗಿ ಹೇಳಿದ ಆ ಮಾತಿನಿಂದ ಆ ಇಬ್ಬರು ಮಹಾಕವಿಗಳು ಆ ವರ್ಷಕ್ಕೆ ಹಿಂದಿನವರೆಂಬುದು ನಿಶ್ಚಿತವಾಯಿತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರನ್ನೂ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ ಮೊದಲಾದ ಪದ್ಯಕಾರರನ್ನೂ ಹೆಸರಿಸುತ್ತದೆ. ಇವರ ಕನ್ನಡ ಕೃತಿಗಳಲ್ಲಿ ಒಂದಾದರೂ ಇಂದು ಉಳಿದಿಲ್ಲ. ಆದರೂ ಇವರು ಇರಲಿಲ್ಲವೆಂದು ಯಾವ ಕನ್ನಡಿಗನೂ ವಾದಿಸುವುದಿಲ್ಲ. ಒಂದು ಸಾಹಿತ್ಯದ ಬಾಲ್ಯವೆಲ್ಲ ಒಬ್ಬ ಲಾಕ್ಷಣಿಕನ ಉಲ್ಲೇಖದ ಮೇಲೆ ನಿಂತಿದೆ. ಇಲ್ಲಿ ನಾವು ಆಪ್ತನ ಮಾತನ್ನು ನಂಬುತ್ತಿದ್ದೇವೆ, ಅಷ್ಟೆ. ನಂಬುವುದು ಸರಿಯಾಗಿಯೇ ಇದೆ.

ಉಡುಪಿಯ ಶ್ರೀಮಧ್ವಾಚಾರ್ಯರ ಗ್ರಂಥಗಳನ್ನು ಕುರಿತು ನಡೆದ ಐತಿಹಾಸಿಕವಾದ ವಿವಾದವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಆಚಾರ್ಯರು ಬ್ರಹ್ಮತರ್ಕವೇ ಮೊದಲಾದ ಅನೇಕ ಗ್ರಂಥಗಳಿಂದಲೂ ಶ್ರುತಿಗಳಿಂದಲೂ ಪ್ರಮಾಣವಾಕ್ಯಗಳನ್ನು ಉದ್ಧರಿಸುತ್ತಾರೆ; ಅವುಗಳಲ್ಲಿ ಬಹಳಷ್ಟು ಇಂದು ಬೇರೆಲ್ಲಿಯೂ ದೊರೆಯುವುದಿಲ್ಲ. ಹದಿನಾರನೆಯ ಶತಮಾನದಲ್ಲಿ ಅಪ್ಪಯ್ಯ ದೀಕ್ಷಿತರು ಇದನ್ನೇ ಮುಂದುಮಾಡಿ ಆಕ್ಷೇಪಿಸಿದರು. ವಿಜಯೀಂದ್ರತೀರ್ಥರೇ ಮೊದಲಾದ ಮಾಧ್ವ ವಿದ್ವಾಂಸರು ಅಷ್ಟೇ ಪ್ರೌಢಿಮೆಯಿಂದ ಉತ್ತರ ಕೊಟ್ಟರು. ನಮ್ಮ ಕಾಲದಲ್ಲಿಯೂ ಆ ಚರ್ಚೆಯು ನಿಂತಿಲ್ಲ. ಈ ವಿವಾದದಲ್ಲಿ ತೀರ್ಪು ಕೊಡುವ ಅಧಿಕಾರಿ ನಾನಲ್ಲ. ಆದರೆ ಎರಡು ಮಾತುಗಳನ್ನು ನಿಸ್ಸಂಕೋಚವಾಗಿ ಹೇಳಬಲ್ಲೆ. ಗ್ರಂಥವು ಇಂದು ಅಲಭ್ಯವೆಂಬ ಮಾತ್ರದಿಂದ ಅದು ಎಂದೂ ಇರಲಿಲ್ಲವೆಂದು ಸಿದ್ಧವಾಗದು. ಹಾಗೆ ಸಿದ್ಧವಾಗುವುದಾದರೆ ಕವಿರಾಜಮಾರ್ಗದ ಕವಿಗಳನ್ನೆಲ್ಲ ನಾವು ಕಳೆದುಕೊಳ್ಳಬೇಕಾಗುತ್ತದೆ. ಎರಡನೆಯದಾಗಿ, ಉದ್ಧರಿಸಿದ ಮಾತಿಗೆ ಮೂಲವೊಂದು ಇರಲೇಬೇಕೆಂಬುದರಲ್ಲಿ ವಾದಿಗೂ ಪ್ರತಿವಾದಿಗೂ ಲೇಶವಾದರೂ ಭಿನ್ನಾಭಿಪ್ರಾಯವಿರಲಿಲ್ಲ. ಆ ಒಂದು ಧರ್ಮವನ್ನು ಇಬ್ಬರೂ ಶಿರಸಾ ವಹಿಸಿದ್ದರಿಂದಲೇ ಅಷ್ಟು ದೀರ್ಘವಾದ ವಾದವು ನಡೆಯಿತು.

ಇದಕ್ಕೆ ನೇರ ವಿರುದ್ಧವಾದ ಸ್ಥಿತಿಯನ್ನು ನಮ್ಮ ಕಾಲವು ಕಂಡಿದೆ. ಪಾಶ್ಚಾತ್ಯ ದೇಶದ ಒಂದು ದೊಡ್ಡ ಪ್ರಕಾಶನಸಂಸ್ಥೆಯು ಲೇಖಕರಿಗೆ ಆಕರಸೂಚಿಯನ್ನು ಬರೆಯುವ ಕ್ರಮವನ್ನು ತಿಳಿಸಲೆಂದು, ವೈಜ್ಞಾನಿಕ ಲೇಖನವನ್ನು ಬರೆಯುವ ಕಲೆ ಎಂಬ ಶೀರ್ಷಿಕೆಯ, 2000ನೆಯ ಇಸವಿಯ ಒಂದು ಲೇಖನವನ್ನು ಮಾದರಿಯಾಗಿ ಕೊಟ್ಟಿತ್ತು. ಅಂತಹ ಲೇಖನವೂ ಇಲ್ಲ, ಅದು ಪ್ರಕಟವಾಯಿತೆಂದು ಹೇಳಿದ ಪತ್ರಿಕೆಯೂ ಇಲ್ಲ. ಕೇವಲ ಮಾದರಿಗೆಂದು ಕಲ್ಪಿಸಿದ್ದು. ಅದನ್ನು ಸುಮಾರು 400 ಸಂಶೋಧನ ಲೇಖನಗಳು ತಮ್ಮ ಆಕರವೆಂದು ಉಲ್ಲೇಖಿಸಿರುವುದು 2017ರಲ್ಲಿ ಬೆಳಕಿಗೆ ಬಂದಿತು. ಆ ಉಲ್ಲೇಖಗಳಲ್ಲಿ ಹೆಸರು, ವರ್ಷ, ಸಂಪುಟ, ಪುಟಗಳೆಲ್ಲ ವಿಧ್ಯುಕ್ತವಾಗಿಯೇ ಇದ್ದವು. ಅಲ್ಪವಿರಾಮಗಳೂ ತಮ್ಮ ತಮ್ಮ ಸ್ಥಾನದಲ್ಲಿದ್ದವು. ನಮ್ಮ ದುರ್ವಿನೀತನ ಕೃತಿಯು ಇಲ್ಲ, ಅದನ್ನು ಹೆಸರಿಸಿದವನ ಮಾತು ಸತ್ಯ. ಇಲ್ಲಿಯೂ ಕೃತಿಯಿಲ್ಲ, ಆದರೆ ಹೆಸರಿಸಿದವರ ಮಾತು ಸುಳ್ಳು. ಹೊರಗಿನ ಆಕಾರದಿಂದ ಎರಡನ್ನೂ ಬೇರ್ಪಡಿಸಲಾಗದು. ಬೇರ್ಪಡಿಸುವುದು ವಾತ್ಸ್ಯಾಯನನ ಎರಡು ಗುಣಗಳೇ: ಕಂಡಿರುವುದು, ಕಂಡಂತೆ ಹೇಳುವ ಮನಸ್ಸು.

ಆದಕಾರಣ ಈ ಪಟ್ಟಿಯನ್ನು ಋಣವೆಂಬ ಭಾವನೆಯಿಂದ ಮಾತ್ರ ನೋಡುವುದು ಸಾಲದೆಂದು ನನಗೆ ತೋರುತ್ತದೆ. ಬ್ರಾಹ್ಮಣನು ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯಾಗಿಯೇ ಹುಟ್ಟುತ್ತಾನೆಂಬ ತೈತ್ತಿರೀಯ ಸಂಹಿತೆಯ ಭಾವನೆಯು ಉದಾತ್ತವಾದುದು. ಸ್ವಾಧ್ಯಾಯದಿಂದ ಋಷಿಋಣವನ್ನು ತೀರಿಸಬೇಕೆಂಬುದೂ ಉದಾತ್ತವೇ. ಆದರೆ ಋಣವು ನನಗೂ ಕೊಟ್ಟವನಿಗೂ ಇರುವ ಸಂಬಂಧ. ಕೃತಜ್ಞತೆಯ ಉತ್ಸಾಹದಲ್ಲಿ ನಾನು ಓದದ ದೊಡ್ಡವರ ಹೆಸರನ್ನೂ ಸೇರಿಸಿಬಿಡಬಹುದು, ಪಟ್ಟಿಯು ಉದ್ದವಾದಷ್ಟೂ ಭಕ್ತಿಯು ಹೆಚ್ಚೆಂದು ತಿಳಿಯಬಹುದು. ಸಾಕ್ಷ್ಯವಾದರೋ ನನಗೂ ಇನ್ನು ಮುಂದೆ ಓದತಕ್ಕವನಿಗೂ ಇರುವ ಸಂಬಂಧ. ಗ್ರಂಥದ ಹೆಸರನ್ನು ಪಟ್ಟಿಯಲ್ಲಿ ಬರೆದೆನೆಂದರೆ, ಈ ಪುಸ್ತಕದ ಈ ಪುಟವನ್ನು ನಾನು ತೆರೆದು ನೋಡಿದೆನು, ಅಲ್ಲಿ ಹೀಗೆಯೇ ಇದೆ ಎಂದು ನಾನು ಪ್ರಮಾಣ ಮಾಡಿದಂತೆ. ಮೂಲವನ್ನು ನೋಡದೆ ಇನ್ನೊಬ್ಬರ ಗ್ರಂಥದಲ್ಲಿ ಆ ಉದ್ಧರಣೆಯನ್ನು ಕಂಡಿದ್ದರೆ ಇಂಥವರಲ್ಲಿ ಉದ್ಧೃತ ಎಂದು ಬರೆಯುವ ಕ್ರಮವಿದೆ. ಅದನ್ನು ಬರೆದರೆ ತನ್ನ ವಿದ್ವತ್ತು ಕುಗ್ಗುವುದೆಂದು ಅಂಜುವವರಿದ್ದಾರೆ. ಹಾಗೆ ಅಂಜಿ ನೇರವಾಗಿ ಮೂಲಗ್ರಂಥದ ಹೆಸರನ್ನೇ ಬರೆದವನು ಮಧ್ಯವರ್ತಿಯ ಶ್ರಮವನ್ನು ಕದ್ದದ್ದಲ್ಲದೆ, ಅವನು ಮಾಡಿದ್ದಿರಬಹುದಾದ ಅಂಕಿಯ ತಪ್ಪನ್ನೂ ತಾನು ಕಣ್ಣಾರೆ ಕಂಡೆನೆಂದು ಸಾಕ್ಷಿ ನುಡಿಯುತ್ತಾನೆ. ಅಚ್ಚಿನಲ್ಲಿ ಅದು ಒಂದು ಪದದ ವ್ಯತ್ಯಾಸ. ಧರ್ಮದಲ್ಲಿ ಅದು ಸುಳ್ಳುಸಾಕ್ಷಿ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಕೃತಿಚೌರ್ಯದ ನಿವಾರಣೆಗಾಗಿ 2018ರಲ್ಲಿ ಹೊರಡಿಸಿದ ನಿಯಮಾವಳಿಯಂತೆ ಪ್ರಬಂಧಗಳನ್ನೆಲ್ಲ ಈಗ ಸಾಮ್ಯಪರೀಕ್ಷೆಗೆ ಒಳಪಡಿಸುತ್ತಾರೆ. ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ, ಅದರಿಂದಾಚೆಗೆ ಹಂತಹಂತವಾಗಿ ದಂಡನೆಯುಂಟು. ಆ ಪರೀಕ್ಷೆಯಿಂದ ಹೊರಗಿಡತಕ್ಕ ಭಾಗಗಳನ್ನೂ ನಿಯಮಾವಳಿಯೇ ಎಣಿಸಿದೆ, ಮತ್ತು ಆಕರಸೂಚಿಯು ಅವುಗಳಲ್ಲಿ ಒಂದು. ಹೊರಗಿಟ್ಟಿರುವುದು ನ್ಯಾಯವೇ, ಒಂದು ಗ್ರಂಥದ ಹೆಸರು ಎಲ್ಲರ ಪಟ್ಟಿಯಲ್ಲಿಯೂ ಒಂದೇ ರೀತಿ ಇರಲೇಬೇಕಷ್ಟೆ. ಆದರೆ ಇದರ ಫಲಿತಾರ್ಥವೇನೆಂದರೆ, ಪ್ರಬಂಧದ ಮಿಕ್ಕೆಲ್ಲ ಪುಟಗಳ ಮೇಲೂ ಯಂತ್ರದ ಕಣ್ಣು ಬೀಳುತ್ತದೆ, ಈ ಪುಟಗಳ ಮೇಲೆ ಬೀಳುವುದಿಲ್ಲ. ಇವನ್ನು ನೋಡತಕ್ಕವನು ಮನುಷ್ಯನೇ. ಮೌಖಿಕ ಪರೀಕ್ಷೆಗೆ ಕುಳಿತುಕೊಳ್ಳುವ ಮಾರ್ಗದರ್ಶಕರಲ್ಲಿಯೂ ಪರೀಕ್ಷಕರಲ್ಲಿಯೂ ಆದುದರಿಂದ ನನ್ನ ವಿನಂತಿ ಇದು: ಗ್ರಂಥಋಣದಿಂದ ಎರಡೋ ಮೂರೋ ನಮೂದುಗಳನ್ನು ಆರಿಸಿಕೊಂಡು, ಈ ಪುಸ್ತಕವನ್ನು ಯಾವ ಗ್ರಂಥಾಲಯದಲ್ಲಿ ನೋಡಿದಿರಿ, ಯಾವ ಆವೃತ್ತಿ, ಈ ಮಾತು ಅದರ ಯಾವ ಪ್ರಕರಣದಲ್ಲಿದೆ ಎಂದು ಅಭ್ಯರ್ಥಿಯನ್ನು ಸಾವಧಾನವಾಗಿ ಕೇಳಿರಿ, ನೋಡಿಲ್ಲವೆಂದು ಅವನು ಹೇಳಿದರೆ ಗದರಿಸದೆ, ಹಾಗೆಂದೇ ಪಟ್ಟಿಯಲ್ಲಿ ತಿದ್ದಿಸಿ ಅನಂತರ ಸಹಿ ಮಾಡಿರಿ.